ಪುತ್ರೋತ್ಸವವೂ ಆಸ್ಥಾನದ ನಗೆಯೂ

ನಮ್ಮ ಕಡೂರು ಸೀಮೆಯ ಎಮ್ಮೆದೊಡ್ಡಿಯ ಹೆಸರಿನಲ್ಲಿಯೇ ಒಂದು ವಿನೋದವಡಗಿದೆ. ದೊಡ್ಡಿಯಲ್ಲಿ ಹೆಣ್ಣುಗರು ಬಿದ್ದರೆ ಯಜಮಾನನಿಗೆ ಪರಮ ಸಂಭ್ರಮ. ಆತನ ಮನೆಯಲ್ಲಿ ಹೆಣ್ಣುಕೂಸು ಹುಟ್ಟಿತೆಂದರೆ ಸಕ್ಕರೆ ಹಂಚುವ ಕೈ ತುಸು ಹಿಂಜರಿಯುವುದು. ಈ ಪಕ್ಷಪಾತವು ನಮ್ಮೊಬ್ಬರದೇ ಅಲ್ಲ. ಯೂರೋಪಿನ ಯೆಹೂದ್ಯರಲ್ಲಿ ಗಂಡುಶಿಶು ಜನಿಸಿದರೆ ಮೊದಲ ಶುಕ್ರವಾರದ ರಾತ್ರಿ ಬಂಧುಗಳು ನೆರೆದು ಹರ್ಷಪಡುವರು, ಎಂಟನೆಯ ದಿನ ಸುನ್ನತಿಯ ಉತ್ಸವ; ಹೆಣ್ಣುಶಿಶುವಿಗೆ ಪೂರ್ವದಲ್ಲಿ ಅದಕ್ಕೆ ಸಮನಾದ ವಿಧಿಯಿರಲಿಲ್ಲ. ನಮ್ಮ ಪುಂಸವನವಾದರೋ ಹುಟ್ಟುವ ಮೊದಲೇ ಗಂಡನ್ನು ಬೇಡುತ್ತದೆ. ಸ್ತ್ರೀಯರ ಸಂಸ್ಕಾರಗಳನ್ನು ಅಮಂತ್ರಕವಾಗಿ ನಡೆಸತಕ್ಕದ್ದೆಂಬ ಮನುವಿನ ವಿಧಿಯೂ ವಾಚಕರಿಗೆ ವಿದಿತವಷ್ಟೆ.

ಅರಮನೆಗಳಲ್ಲಿ ಈ ಭೇದವು ಶಿಲೆಯನ್ನೇ ಏರಿತು. ದೋರಸಮುದ್ರದ ಪಾರ್ಶ್ವನಾಥ ಬಸದಿಯನ್ನು ಗಂಗರಾಜನ ಮಗನಾದ ಬೊಪ್ಪನು ತಂದೆಯ ಸ್ಮರಣಾರ್ಥವಾಗಿ ಕಟ್ಟಿಸಿದನು. ಕ್ರಿ. ಶ. 1133ರಲ್ಲಿ ಅದರ ಪ್ರತಿಷ್ಠೆಯಾದ ಮೇಲೆ ಅರ್ಚಕರು ಪ್ರಸಾದವನ್ನು ಬಂಕಾಪುರದಲ್ಲಿದ್ದ ವಿಷ್ಣುವರ್ಧನನಿಗೆ ಕೊಂಡೊಯ್ದರು. ಅದೇ ಸಮಯಕ್ಕೆ ಮಸಣನೆಂಬ ವೈರಿಯ ಮೇಲೆ ಜಯವೂ ಲಕ್ಷ್ಮೀದೇವಿಯಲ್ಲಿ ಪುತ್ರಜನನವೂ ಒದಗಿದ್ದವು. ಹರ್ಷಗೊಂಡ ದೊರೆಯು ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟು ಜಾವಗಲ್ಲನ್ನು ದತ್ತಿಬಿಟ್ಟನು. ಶತ್ರುವಿನ ಸೋಲಿಗೂ ತೊಟ್ಟಿಲ ಕೂಸಿಗೂ ಒಂದೇ ಹೆಸರು!

ಅದೇ ವಿಷ್ಣುವರ್ಧನನಿಗೆ ಹರಿಯಬ್ಬರಸಿಯೆಂಬ ಮಗಳಿದ್ದಳು. ಗಂಡವಿಮುಕ್ತ ಸಿದ್ಧಾಂತದೇವರ ಶಿಷ್ಯೆಯಾದ ಈಕೆಯನ್ನು ನಮ್ಮ ಮೂಡಿಗೆರೆ ತಾಲ್ಲೂಕಿನ ಹಂತೂರಿನ 1130ರ ಶಾಸನವು ಹೊಗಳುತ್ತದೆ. ಏತಕ್ಕೆ? ಅಲ್ಲಿ ಉನ್ನತವಾದ ಚೈತ್ಯಾಲಯವನ್ನು ಕಟ್ಟಿಸಿದುದಕ್ಕೆ. ತಮ್ಮನು ಹುಟ್ಟಿದ ಮಾತ್ರಕ್ಕೆ ಶಾಸನವನ್ನೇರಿದನು. ಅಕ್ಕನು ಬಸದಿ ಕಟ್ಟಿಸಿ ಏರಬೇಕಾಯಿತು.

ಆಸ್ಥಾನದಲ್ಲಿ ಇಂತಹ ಮಾತನ್ನು ಆಡಬಲ್ಲವನು ವಿದೂಷಕನಲ್ಲವೆ ಎಂದು ಕೇಳಬಹುದು. ದೊರೆಯನ್ನು ಕೆಣಕಲು ಅವನಿಗೆ ಅಪ್ಪಣೆಯುಂಟು. ಆದರೆ ಅವನ ಹಾಸ್ಯವೆಲ್ಲ ಎತ್ತ ತಿರುಗುತ್ತದೆ ನೋಡಿರಿ. ಶ್ರೀಹರ್ಷನ ‘ರತ್ನಾವಳಿ’ಯಲ್ಲಿ ದೊರೆಯ ಗುಟ್ಟಿನ ಪ್ರಣಯ, ರಾಣಿಯ ಮುನಿಸು, ಕಡೆಗೆ ರಾಣಿಯು ವಿದೂಷಕನನ್ನೇ ಕಟ್ಟಿಸಿ ಒಯ್ಯುವ ಪರಿಹಾಸ, ಇಷ್ಟೆ. ಮೈಸೂರಿನ ಚಿಕ್ಕದೇವರಾಜರ ಆಸ್ಥಾನದಲ್ಲಿ ಸಿಂಗರಾರ್ಯನು ಇದನ್ನೇ ಅನುಸರಿಸಿ ‘ಮಿತ್ರವಿಂದಾಗೋವಿಂದ’ವೆಂಬ ಕನ್ನಡ ನಾಟಕವನ್ನು ರಚಿಸಿದನು. ಆ ನಗೆಯಲ್ಲಿ ಹೆಂಡಿರ ಕೋಪಕ್ಕೆ ಎಡೆಯುಂಟು, ಹೆಣ್ಣುಮಕ್ಕಳ ಅಳಲಿಗೆ ಇಲ್ಲ.

ಅಳಲನ್ನು ನುಡಿದವಳು ಅದೇ ಅರಮನೆಯ ಸಂಚಿ ಹೊನ್ನಮ್ಮ. ರಾಣಿ ದೇವಾಜಮ್ಮಣ್ಣಿಯ ಎಲೆಯಡಿಕೆಯ ಸಂಚಿಯನ್ನು ಹಿಡಿಯುತ್ತಿದ್ದ ಈ ಊಳಿಗದವಳಿಗೆ ಸಿಂಗರಾರ್ಯನೇ ಗುರು. ಅವಳ ‘ಹದಿಬದೆಯ ಧರ್ಮ’ವು ಸಾಂಗತ್ಯದಲ್ಲಿ ಪಾತಿವ್ರತ್ಯವನ್ನು ಉಪದೇಶಿಸುವ ಗ್ರಂಥ, ಅದರಲ್ಲಿ ಬಂಡಾಯವನ್ನು ಹುಡುಕುವುದು ವ್ಯರ್ಥವೆಂದೇ ನನ್ನ ಮತ. ಆದರೂ ಆ ವಿನಯದ ನಡುವೆ ಅವಳು ಥಟ್ಟನೆ ನಿಂತು, ಹೆತ್ತವಳೂ ಪೊರೆದವಳೂ ಹೆಣ್ಣಲ್ಲವೇ ಎಂದು ಕೇಳುತ್ತಾಳೆ. ಗುಣವಿದ್ದರೆ ಮಗನೇನು, ಮಗಳೇನು, ಇಬ್ಬರಿಂದಲೂ ಇಹಪರಗಳ ಸುಖ ಒಂದೇ ಎನ್ನುತ್ತಾಳೆ. ಹೆಣ್ಣೆಂದು ಹಳಿಯುವವರನ್ನು ಕಣ್ಣಿಲ್ಲದವರೆಂದು ಜರೆಯುತ್ತಾಳೆ. ವಿದೂಷಕನಿಗಿದ್ದ ಅಪ್ಪಣೆಚೀಟಿ ಅವಳಿಗಿರಲಿಲ್ಲ. ಆ ಮಾತನ್ನು ಅವಳು ನಗಿಸುವುದಕ್ಕಾಗಿ ಆಡಿದವಳೂ ಅಲ್ಲ.