ಒಂಟಿ ಹಳಿ ಕಲಿಸುವ ಗಣಿತ

ದೂರ–ಕಾಲ ನಕ್ಷೆಯನ್ನು ಬೆಳೆಸಿದ್ದು ಪರೀಕ್ಷೆಯಲ್ಲ, ರೈಲು ಓಡಿಸುವ ಕೆಲಸ. ಎಂಜಿನಿಯರ್ ಇಬ್ರಿ ರಚಿಸಿದ ಪ್ಯಾರಿಸ್–ಲಿಯಾನ್ ರೈಲುಗಳ ನಕ್ಷೆಯನ್ನು ಫ್ರಾನ್ಸಿನ ವಿಜ್ಞಾನಿ ಮಾರೆ 1878ರ ತಮ್ಮ ಗ್ರಂಥದಲ್ಲಿ ಪರಿಚಯಿಸಿದರು. 1884ರಲ್ಲಿ ಸದರ್ನ್ ಮರಾಠಾ ರೈಲ್ವೆಯ ಹೊಟಗಿ–ಗದಗ ಮೀಟರ್ ಗೇಜ್ ಮಾರ್ಗ ನಮ್ಮ ವಿಜಯಪುರ ಸೀಮೆಗೆ ಬಂತು. ಇಂಡಿ ರೋಡ್, ವಿಜಯಪುರ, ಬಸವನ ಬಾಗೇವಾಡಿ ರೋಡ್ ನಿಲ್ದಾಣಗಳನ್ನು ಜೋಡಿಸಿದ್ದು ಒಂಟಿ ಹಳಿ. ಎದುರುಬದುರು ಬರುವ ಗಾಡಿಗಳಿಗೆ ನಿಲ್ದಾಣದಲ್ಲಷ್ಟೇ ಕ್ರಾಸಿಂಗ್ ಆಗುತ್ತಿತ್ತು. ಇಂಥ ಮಾರ್ಗವನ್ನು ನಕ್ಷೆಯಲ್ಲಿ ಬರೆದರೆ ಒಂದು ಗಾಡಿಯ ಗೆರೆ ಏರುತ್ತದೆ, ಇನ್ನೊಂದರದು ಇಳಿಯುತ್ತದೆ. ಅವು ಸಂಧಿಸುವ ಬಿಂದು ನಿಲ್ದಾಣದ ಮಟ್ಟದಲ್ಲೇ ಇರಬೇಕು, ನಡುವೆ ಬಿದ್ದರೆ ಅಪಘಾತ. ಕಾಯುವ ಗಾಡಿಯ ಗೆರೆ ಅಡ್ಡಡ್ಡ ಸಾಗುತ್ತದೆ: ಕಾಲ ಸರಿಯುತ್ತದೆ, ದೂರ ಬದಲಾಗದು. ಏರುಗೆರೆಯನ್ನು ಗುಡ್ಡವೆಂದು ಮಕ್ಕಳು ಓದುವ ತಪ್ಪು ಇಲ್ಲಿ ತಾನಾಗಿಯೇ ಕಳಚುತ್ತದೆ.

ಸಿಂದಗಿ, ಮುದ್ದೇಬಿಹಾಳ ಪಟ್ಟಣಗಳನ್ನು ಈ ಹಳಿ ಮುಟ್ಟಲಿಲ್ಲವಲ್ಲ ಎಂಬ ಆಕ್ಷೇಪ ನ್ಯಾಯವೇ. ಆದರೆ ಅಲ್ಲಿ ಬಸ್ಸಿದೆ. ಸಿಂದಗಿಯಿಂದ ವಿಜಯಪುರಕ್ಕೆ ಸುಮಾರು 60 ಕಿ.ಮೀ.; ಒಂದೂವರೆ ತಾಸಿನಲ್ಲಿ ತಲುಪಿದರೆ ಸರಾಸರಿ ಜವ ತಾಸಿಗೆ 40 ಕಿ.ಮೀ. ದೇವರ ಹಿಪ್ಪರಗಿಯಲ್ಲಿ ನಿಂತ ಹೊತ್ತೂ ಆ ಲೆಕ್ಕದಲ್ಲಿ ಸೇರಿದೆ. ನಿಜವಾದ ಗಾಡಿ ಹೀಗೆ ನೇರ ಗೆರೆಯಂತೆ ಓಡದು ಎನ್ನಬಹುದು. ಹೌದು, ಹೊರಡುವಾಗ ಜವ ಹೆಚ್ಚುತ್ತದೆ, ನಿಲ್ಲುವಾಗ ತಗ್ಗುತ್ತದೆ. ನೇರ ಗೆರೆ ಸರಾಸರಿಯನ್ನಷ್ಟೇ ಹೇಳುತ್ತದೆ. ವೇಳಾಪಟ್ಟಿ ಕಟ್ಟಲು ಅಷ್ಟು ಸಾಕು, ಆ ಮಿತಿಯನ್ನು ಅರಿಯುವುದೂ ಗಣಿತವೇ. ಆದ್ದರಿಂದ ಈ ತಾಲ್ಲೂಕುಗಳ ಮಕ್ಕಳಿಗೆ ‘ಅ’ ಊರು, ‘ಬ’ ಊರು ಬೇಡ. ತಮ್ಮ ಮಾರ್ಗದ ವೇಳಾಪಟ್ಟಿಯನ್ನೇ ಕೊಟ್ಟು ನಕ್ಷೆ ಬರೆಸಬೇಕು.