ಹುಡುಗ ಏಳವಲ್ಲ: ಹರೆಯದ ನಿದ್ದೆಗೊಂದು ಚರಿತ್ರೆ

ಹೋದ ತಿಂಗಳು ಹುಮನಾಬಾದಿನಿಂದ ಒಬ್ಬ ತಾಯಿ ವಾಯ್ಸ್ ಮೆಸೇಜ್ ಕಳಿಸಿದ್ರು. ಹಿಂದೆ ಕುಕ್ಕರ್ ಸೀಟಿ ಕೇಳಸ್ತದ. "ತಮ್ಮಾ, ನೀ ಕಲ್ಯಾಣದ ಕಿಲ್ಲಾ, ಶಾಸನ ಎಲ್ಲಾ ಹೇಳ್ತಿ. ನಮ್ಮ ಹುಡುಗ ಫಸ್ಟ್ ಪಿಯುಸಿ ಇದ್ದಾನ. ರಾತ್ರಿ ಒಂದರ ತನಕ ಮಲಗಂಗಿಲ್ಲ, ಮುಂಜಾನಿ ನೀರು ಚಿಮುಕಿಸಿದ್ರೂ ಏಳವಲ್ಲ. ಇದು ಮೊಬೈಲಿಂದೋ, ಇಲ್ಲಾ ಏನರೆ ಬ್ಯಾನಿ ಅದನೋ? ಇದರ ಚರಿತ್ರಾನೂ ಒಮ್ಮೆ ಹೇಳು."

ಅವರು ತಮಾಷೆಗೆ ಅಂದಿರಬಹುದು. ನಾನು ಮಾತ್ರ ಸೀರಿಯಸ್ ಆಗಿ ತಗೊಂಡೆ. ಕಾರಣ ನಮ್ಮ ಮನೆಯಲ್ಲೇ ಇತ್ತು. ಹೋದ ಚಳಿಗಾಲ ನನ್ನ ಚಿಕ್ಕಪ್ಪನ ಮಗ, ಹದಿನೇಳು ವರ್ಷದವ, ಬೆಳಗಿನ ಐದೂವರೆಗೆ ಟ್ಯೂಷನ್ನಿಗೆ ಗೆಳೆಯನ ಅಣ್ಣನ ಬೈಕ್ ಹಿಂದೆ ಕೂತು ಹೊರಟಿದ್ದ. ಸಸ್ತಾಪುರ ಬಂಗ್ಲಾದ ಹತ್ತಿರ ಹೆದ್ದಾರಿ ಮೇಲೆ ಹಿಂದೆ ಕೂತಲ್ಲೇ ತೂಕಡಿಸಿ ಜಾರಿಬಿದ್ದ. ಮುಂಗೈ ಮುರೀತು, ಅಷ್ಟೇ. ಹಿಂದೆ ಲಾರಿ ಇರಲಿಲ್ಲ ಅನ್ನೋದು ನಮ್ಮ ಪುಣ್ಯ. ಹೈದರಾಬಾದ್-ಪುಣೆ ರಸ್ತೆಯಲ್ಲಿ ಲಾರಿ ಇರದ ಹೊತ್ತು ಎಷ್ಟಿರ್ತದ ಅಂತ ನಮ್ಮ ಕಡೆಯವರಿಗೆ ನಾನು ಹೇಳಬೇಕಿಲ್ಲ. ಆಸ್ಪತ್ರೆಯಲ್ಲಿ ಎಲ್ಲರೂ ಕೇಳಿದ್ದು ಬೈಕ್ ಯಾರು ಹೊಡೀತಿದ್ರು ಅಂತ. ರಾತ್ರಿ ಎಷ್ಟು ತಾಸು ಮಲಗಿದ್ದ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ನಾನು ಬಿ.ಕಾಂ. ಮಾಡಿದವ, ಡಾಕ್ಟರ್ ಅಲ್ಲ. ಲೆಕ್ಕ ತಾಳೆ ಆಗದಿದ್ರೆ ಹಿಂದಿನ ಪುಟ ತಿರುವಿ ನೋಡೋ ಚಟ ಒಂದು ಅದ. ಇವತ್ತು ಅದನ್ನೇ ಮಾಡ್ತೀನಿ.

ಕಲ್ಯಾಣದಿಂದಲೇ ಶುರು ಮಾಡೋಣ. ಚಾಲುಕ್ಯರ ಆರನೇ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಆಳಿದ. ಅವನ ಕಾಲದಲ್ಲಿ ಇಲ್ಲೇ ಕೂತು ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಅನ್ನೋ ವ್ಯಾಖ್ಯಾನ ಬರೆದ. ನಮ್ಮ ಹಿರಿಯರು ಮಾತಿಗೊಮ್ಮೆ ತೆಗೆಯೋ ಬ್ರಾಹ್ಮೀ ಮುಹೂರ್ತದ ಉಪದೇಶ ಆ ಸ್ಮೃತಿಯಲ್ಲೂ ಅದ, ಗೃಹಸ್ಥಧರ್ಮದ ಭಾಗದಲ್ಲಿ. ಅಂದ್ರೆ ಅಲ್ಲಿ ಅದನ್ನು ಹೇಳಿದ್ದು ಮನೆ ಯಜಮಾನನಿಗೆ. ಹಾಗಂತ ಓದೋ ಹುಡುಗರಿಗೆ ರಿಯಾಯಿತಿ ಇತ್ತು ಅಂತ ಖುಷಿಪಡಬೇಡಿ. ಅವರಿಗೂ ಸೂರ್ಯ ಹುಟ್ಟೋ ಹೊತ್ತಿಗೆ ಸಂಧ್ಯಾವಂದನೆ ಇತ್ತು. ಆದ್ರೆ ಅವರು ದೀಪ ಆರಿಸಿ ಮಲಗ್ತಿದ್ದದ್ದು ಎಷ್ಟೊತ್ತಿಗೆ ಅನ್ನೋದನ್ನೂ ಲೆಕ್ಕಕ್ಕೆ ಹಿಡೀಬೇಕಲ್ಲ? ಎಣ್ಣೆ ದೀಪದ ಕಾಲದಲ್ಲಿ ರಾತ್ರಿ ಒಂದು ಗಂಟೆ ತನಕ ಕೂಡೋದು ಅರಮನೆಯವರಿಗೂ ದುಬಾರಿ.

ವಿಕ್ರಮಾದಿತ್ಯನ ಮಗ ಮೂರನೇ ಸೋಮೇಶ್ವರ 1129ರ ಹೊತ್ತಿಗೆ ಮಾನಸೋಲ್ಲಾಸ ಬರೆದ. ನೂರು ಅಧ್ಯಾಯದ ಗ್ರಂಥ. ಅದರಲ್ಲಿ ರಾಜನ ಉಪಭೋಗಗಳ ಪಟ್ಟಿಯೊಳಗೆ ಸ್ನಾನ, ತಾಂಬೂಲ, ಊಟದ ಜೊತೆ ಶಯ್ಯೆಗೂ, ಅಂದ್ರೆ ಹಾಸಿಗೆಗೂ, ಒಂದು ಅಧ್ಯಾಯ ಕೊಟ್ಟಾನ. ನಮ್ಮೂರ ರಾಜನೊಬ್ಬ ಒಂಬೈನೂರು ವರ್ಷದ ಹಿಂದೆ ಮಲಗೋದನ್ನ ಬರೆಯೋ ವಿಷಯ ಅಂದುಕೊಂಡಿದ್ದ ಅನ್ನೋದು ನನಗೆ ಬಹಳ ಹಿಡಿಸ್ತು. ಮಕ್ಕಳ ಬಗ್ಗೆಯೂ ಒಂದು ಅಧ್ಯಾಯ ಅದ. ಆದ್ರೆ ಶಾಸನಗಳಲ್ಲಿ ದಾನ ಅದ, ಯುದ್ಧ ಅದ, ಎಮ್ಮೆ ಕಾಯೋ ಹುಡುಗನ ನಿದ್ದೆ ಇಲ್ಲ.

ಅದಕ್ಕಿಂತ ಹಳೆಯ ಚರಕಸಂಹಿತೆ ನಿದ್ದೆಯನ್ನು ಶರೀರದ ಮೂರು ಊರುಗೋಲುಗಳಲ್ಲಿ ಒಂದು ಅಂತ ಎಣಿಸ್ತದ. ಉಳಿದೆರಡು ಆಹಾರ ಮತ್ತು ಬ್ರಹ್ಮಚರ್ಯ. ಹಗಲು ನಿದ್ದೆ ಬೇಸಿಗೆಯಲ್ಲಿ ಮಾತ್ರ ಅಂತ ಕಟ್ಟಪ್ಪಣೆ ಮಾಡಿ, ಆಮೇಲೆ ಯಾವ ಕಾಲದಲ್ಲೂ ಹಗಲು ಮಲಗಬಹುದಾದವರ ಉದ್ದ ಪಟ್ಟಿ ಕೊಡ್ತದ. ಅದರಲ್ಲಿ ಮಕ್ಕಳಿದ್ದಾರೆ, ಮುದುಕರಿದ್ದಾರೆ, ಭಾರ ಹೊತ್ತು ದಣಿದವರಿದ್ದಾರೆ, ಓದಿ ಓದಿ ದಣಿದವರೂ ಇದ್ದಾರೆ. ಪಿಯುಸಿ ಮಕ್ಕಳ ಅಪ್ಪಂದಿರು ಗಮನಿಸಬೇಕು.

ಇನ್ನು ನಮ್ಮ ಸೀಮೆಯ ರಾತ್ರಿ. ಹಿಂದಿನವರು ಎಂಟಕ್ಕೆ ಮಲಗಿ ನಾಲ್ಕಕ್ಕೆ ಏಳ್ತಿದ್ರು ಅನ್ನೋದು ಅರ್ಧ ಸತ್ಯ. ಮಾಣಿಕನಗರದ ದತ್ತ ಜಯಂತಿ, ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ, ಶ್ರಾವಣದ ಭಜನೆ, ಇವೆಲ್ಲಾ ರಾತ್ರಿಯ ಹಬ್ಬಗಳು. ರಮಜಾನಿನಲ್ಲಿ ಕಲ್ಯಾಣದ ಅರ್ಧ ಊರು ತರಾವೀಹ್ ಮುಗಿಸಿ ಮಲಗಿ, ಸಹರಿಗೆ ಎದ್ದು, ಫಜರ್ ಆದಮೇಲೆ ಮತ್ತೆ ಮಲಗ್ತದ. ಅಮೆರಿಕದ ಇತಿಹಾಸಕಾರ ರಾಜರ್ ಎಕರ್ಚ್ 2001ರಲ್ಲಿ ಒಂದು ಲೇಖನ ಬರೆದು, ಹಳೆಯ ಯುರೋಪಿನವರು ರಾತ್ರಿಯನ್ನು ಎರಡು ತುಂಡು ಮಾಡಿ ಮಲಗ್ತಿದ್ರು ಅಂತ ತೋರಿಸಿದಾಗ ಪಂಡಿತರೆಲ್ಲಾ ಬೆರಗಾದರು. ನಮ್ಮ ಆಯಿಗೆ ಹೇಳಿದ್ರೆ "ಅದರಾಗೇನದ" ಅಂತಿದ್ಲು. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಹಾಸಿಕೊಂಡರೂ ನಡುರಾತ್ರಿ ತನಕ ಕಲ್ಲು ಆರ್ತಿರಲಿಲ್ಲ. ಆಮೇಲೆ ಮಧ್ಯಾಹ್ನ ಊಟವಾದ ಮೇಲೆ ಎಲ್ಲರೂ ಒರಗ್ತಿದ್ರು. ನಿದ್ದೆಯ ಸಾಲ ಅವತ್ತವತ್ತೇ ತೀರ್ತಿತ್ತು.

ಈಗ ಗಡಿಯಾರಕ್ಕೆ ಬರೋಣ. 1906ರ ಜನವರಿ 1ರಂದು ಬ್ರಿಟಿಷ್ ಸರ್ಕಾರ ಇಡೀ ದೇಶಕ್ಕೆ ಒಂದೇ ಸಮಯ ಗೊತ್ತು ಮಾಡ್ತು. ಅದರ ಗೆರೆ ಹಾಯೋದು ಪೂರ್ವಕ್ಕೆ 82.5 ಡಿಗ್ರಿ ರೇಖಾಂಶದ ಮೇಲೆ. ಬಸವಕಲ್ಯಾಣ ಇರೋದು 77ರ ಹತ್ತಿರ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಲೆಕ್ಕ ಹಾಕಿ: ನಮ್ಮ ಕೈಗಡಿಯಾರ ನಮ್ಮೂರ ಸೂರ್ಯನಿಗಿಂತ ಸುಮಾರು 22 ನಿಮಿಷ ಮುಂದೆ ಓಡ್ತದ. ಜನವರಿಯಲ್ಲಿ ಇಲ್ಲಿ ಸೂರ್ಯ ಮುಖ ತೋರಿಸೋ ಹೊತ್ತಿಗೆ ಏಳು ಹೊಡೆಯೋಕೆ ಬಂದಿರ್ತದ. ಐದೂವರೆಯ ಟ್ಯೂಷನ್ ಅಂದ್ರೆ ಅದು ಬೆಳಗೇ ಅಲ್ಲ, ರಾತ್ರಿ.

22 ನಿಮಿಷಕ್ಕೆ ಏನಾಗ್ತದ ಅಂತೀರಾ? ಅರ್ಥಶಾಸ್ತ್ರಜ್ಞ ಮೌಲಿಕ್ ಜಗನಾನಿ ಭಾರತದ ಅಂಕಿ-ಅಂಶ ಇಟ್ಟುಕೊಂಡು ಇದನ್ನೇ ಅಭ್ಯಾಸ ಮಾಡಿದ್ದಾರೆ. ಸೂರ್ಯ ಒಂದು ಗಂಟೆ ತಡವಾಗಿ ಮುಳುಗಿದರೆ ಮಕ್ಕಳ ನಿದ್ದೆ ಸುಮಾರು ಅರ್ಧ ಗಂಟೆ ಕಡಿಮೆ ಆಗ್ತದ ಅಂತ ಕಂಡುಕೊಂಡರು. ಮಲಗೋದು ಸೂರ್ಯನ ಲೆಕ್ಕದಲ್ಲಿ, ಏಳೋದು ಸಾಲಿ ಗಂಟೆ ಲೆಕ್ಕದಲ್ಲಿ. ನಡುವಿನ ನಷ್ಟ ಹುಡುಗರ ಖಾತೆಗೆ. ಕಾಮರ್ಸ್ ಓದಿದವನಿಗೆ ಇದಕ್ಕಿಂತ ಸಲೀಸಾದ ಲೆಡ್ಜರ್ ಬೇಡ.

ಹಂಗಾದ್ರೆ ಎಲ್ಲಾ ತಪ್ಪು ಗಡಿಯಾರದ್ದೇನು? ಅಲ್ಲ. ಹರೆಯದವರ ದೇಹದೊಳಗೂ ಒಂದು ಗಡಿಯಾರ ಅದ, ಮತ್ತು ಅದನ್ನು ಕಂಡುಹಿಡಿದ ಕಥೆ ಚೆನ್ನಾಗದ.

1938ರಲ್ಲಿ ನಥಾನಿಯಲ್ ಕ್ಲೈಟ್ಮನ್ ಅನ್ನೋ ಪ್ರೊಫೆಸರ್ ತನ್ನ ಶಿಷ್ಯ ಬ್ರೂಸ್ ರಿಚರ್ಡ್‌ಸನ್ ಜೊತೆ ಅಮೆರಿಕದ ಕೆಂಟುಕಿಯ ಮ್ಯಾಮತ್ ಗುಹೆಯಲ್ಲಿ 32 ದಿನ ಇದ್ದ. ಬೆಳಕಿಲ್ಲ, ಬಿಸಿಲಿಲ್ಲ. 24 ಗಂಟೆ ಬದಲು 28 ಗಂಟೆಯ ದಿನಕ್ಕೆ ದೇಹ ಒಗ್ಗತದೇನು ಅನ್ನೋದು ಪ್ರಶ್ನೆ. ಇಪ್ಪತ್ತರ ಹರೆಯದ ಶಿಷ್ಯ ಒಗ್ಗಿಕೊಂಡ, ನಲವತ್ತು ದಾಟಿದ ಗುರು ಒಗ್ಗಲಿಲ್ಲ.

ಆದ್ರೆ ಹದಿಹರೆಯದವರನ್ನು ಸರಿಯಾಗಿ ಕೂರಿಸಿ ಅಳೆದವರು ಮೇರಿ ಕಾರ್ಸ್ಕಡನ್. 1976ರಿಂದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರತಿ ಬೇಸಿಗೆಗೆ ಮಕ್ಕಳ ನಿದ್ದೆಯ ಶಿಬಿರ ಮಾಡಿದರು. ಅವೇ ಮಕ್ಕಳು ವರ್ಷವರ್ಷ ಬಂದು, ತಲೆಗೆ ವೈರು ಅಂಟಿಸಿಕೊಂಡು, ಹತ್ತು ತಾಸು ಹಾಸಿಗೆಯಲ್ಲಿರೋದು. ಬೆಳೆದಂಗೆ ನಿದ್ದೆ ಕಡಿಮೆ ಸಾಕಾಗ್ತದ ಅಂತ ಎಲ್ಲರ ನಂಬಿಕೆ ಇತ್ತು. ನಮ್ಮ ಮನೆಗಳಲ್ಲಿ ಈಗಲೂ ಅದ: "ದೊಡ್ಡವ ಆಗೀದಿ, ಇನ್ನೂ ಎಷ್ಟು ಮಲಗ್ತಿ?" ಶಿಬಿರದಲ್ಲಿ ಕಂಡದ್ದೇ ಬೇರೆ. ಹತ್ತರ ಹುಡುಗನೂ ಹದಿನಾರರ ಹುಡುಗನೂ ಹೆಚ್ಚುಕಡಿಮೆ ಒಂಬತ್ತು ತಾಸು ಮಲಗಿದರು. ಅಷ್ಟು ಮಲಗಿಯೂ ದೊಡ್ಡವರೇ ಹಗಲು ಹೆಚ್ಚು ತೂಕಡಿಸಿದರು.

1993ರಲ್ಲಿ ಅವರದೇ ಇನ್ನೊಂದು ಅಭ್ಯಾಸ, ಪ್ರಾಯಕ್ಕೆ ಬರೋ ಬದಲಾವಣೆಗೂ ತಡವಾಗಿ ಮಲಗೋ ಒಲವಿಗೂ ನಂಟು ತೋರಿಸ್ತು. ಮೆಲಟೋನಿನ್ ಅನ್ನೋ ರಸ ಸಂಜೆ ರಕ್ತದಲ್ಲಿ ಏರಿದಾಗ ದೇಹಕ್ಕೆ ರಾತ್ರಿ ಆಯ್ತು ಅಂತ ಗೊತ್ತಾಗ್ತದ. ಹರೆಯದಲ್ಲಿ ಅದು ತಡವಾಗಿ ಏರ್ತದ. 1998ರಲ್ಲಿ, 7.20ಕ್ಕೆ ಶುರುವಾಗೋ ಶಾಲೆಯ ಹತ್ತನೇ ತರಗತಿಯವರನ್ನು ಬೆಳಗ್ಗೆ ಪರೀಕ್ಷಿಸಿದರೆ, ಅವರಲ್ಲಿ ಅರ್ಧದಷ್ಟು ಮಕ್ಕಳು ಕಣ್ಣು ಮುಚ್ಚಿದ ಸ್ವಲ್ಪ ಹೊತ್ತಿಗೇ ಕನಸಿನ ನಿದ್ದೆಗೆ ಜಾರಿದರು. ನಾರ್ಕೊಲೆಪ್ಸಿ ಅನ್ನೋ ನಿದ್ದೆ ಕಾಯಿಲೆ ಇದ್ದವರಲ್ಲಿ ಮಾತ್ರ ಹಂಗಾಗ್ತದ ಅಂತ ತಿಳಿದಿದ್ರು. 2004ರಲ್ಲಿ ಜರ್ಮನಿಯ ಟಿಲ್ ರೋನೆಬರ್ಗ್ ಸಾವಿರಾರು ಜನರ ಲೆಕ್ಕ ತೆಗೆದು, ಈ ತಡ ಇಪ್ಪತ್ತರ ಆಸುಪಾಸಿಗೆ ತುದಿ ಮುಟ್ಟಿ, ಆಮೇಲೆ ತಾನೇ ಹಿಂದೆ ಸರೀತದ ಅಂದರು. ನನಗೀಗ ಇಪ್ಪತ್ತೆಂಟು. ಹತ್ತೂವರೆಗೆ ಆಕಳಿಕೆ ಬರ್ತದ. ಸರಿ ಅದ.

ಮೊಬೈಲ್ ತಪ್ಪೇ ಇಲ್ಲ ಅಂತ ಅಲ್ಲ. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದಮೇಲೆ ನಮ್ಮೂರ ರಾತ್ರಿ ಬೇರೆಯೇ ಆಯ್ತು, ನಾನೇ ಸಾಕ್ಷಿ. ಆದರೆ ಒಂದು ಮಾತು. 2012ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು 1897ರಿಂದ ಮಕ್ಕಳಿಗೆ ಎಷ್ಟು ನಿದ್ದೆ ಬೇಕು ಅಂತ ಪರಿಣತರು ಹೇಳಿದ್ದನ್ನೂ, ಮಕ್ಕಳು ನಿಜವಾಗಿ ಮಲಗಿದ್ದನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಪ್ರತಿ ಕಾಲದಲ್ಲೂ ಪರಿಣತರ ಲೆಕ್ಕ ಮಕ್ಕಳ ನಿದ್ದೆಗಿಂತ ಸುಮಾರು 37 ನಿಮಿಷ ಹೆಚ್ಚೇ ಇತ್ತು, ಮತ್ತೆ ಪ್ರತಿ ಕಾಲದಲ್ಲೂ ತಪ್ಪು ಆಗಿನ ಹೊಸ ಯಂತ್ರದ ಮೇಲೆ. ಹಂಗಾಗಿ ಇವತ್ತಿನ ಅಂಕಿಯನ್ನೂ ಕಲ್ಲಿನ ಮೇಲೆ ಕೆತ್ತಿಸಬೇಡಿ. ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2016ರಲ್ಲಿ ಹೇಳಿದ್ದು, 13ರಿಂದ 18 ವರ್ಷದವರಿಗೆ 8ರಿಂದ 10 ತಾಸು. ಆರು ತಾಸಂತೂ ಯಾರ ಲೆಕ್ಕದಲ್ಲೂ ಸಾಕಾಗಲ್ಲ.

ಇದನ್ನು ಕೇಳಿ ಕೆಲವು ಸರ್ಕಾರಗಳು ಗಂಟೆ ಬದಲಿಸಿದವು. ಸಿಯಾಟಲ್ ನಗರ 2016ರಲ್ಲಿ ಹೈಸ್ಕೂಲನ್ನು 7.50ರಿಂದ 8.45ಕ್ಕೆ ತಂತು, ಮಕ್ಕಳ ನಿದ್ದೆ 34 ನಿಮಿಷ ಹೆಚ್ಚಾಯ್ತು. ಕ್ಯಾಲಿಫೋರ್ನಿಯಾದಲ್ಲಿ 2022ರ ಜುಲೈಯಿಂದ ಹೈಸ್ಕೂಲ್ ಎಂಟೂವರೆಗೆ ಮೊದಲು ಶುರುವಾಗಬಾರದು ಅಂತ ಕಾನೂನು. ನಮ್ಮ ಪಕ್ಕದ ಮಹಾರಾಷ್ಟ್ರ 2024ರ ಫೆಬ್ರವರಿಯಲ್ಲಿ ನಾಲ್ಕನೇ ತರಗತಿವರೆಗಿನ ಶಾಲೆ ಒಂಬತ್ತಕ್ಕೆ ಮೊದಲು ಬೇಡ ಅಂತ ಆದೇಶ ಮಾಡ್ತು, ನಿದ್ದೆಯ ಕಾರಣ ಕೊಟ್ಟೇ. ಒಳ್ಳೇದು. ಆದ್ರೆ ಕೋಳಿ ಜೊತೆ ತಾವೇ ಏಳೋ ಸಣ್ಣ ಮಕ್ಕಳಿಗೆ ರಿಯಾಯಿತಿ, ಏಳಲಾರದ ಹದಿನಾರರವರಿಗೆ ಇಲ್ಲ.

ನಮ್ಮಲ್ಲಿ ತಮಾಷೆ ಏನಂದ್ರೆ, ಸರ್ಕಾರಿ ಹೈಸ್ಕೂಲ್ ಮೊದಲಿಂದಲೂ ಹತ್ತಕ್ಕೇ. ಕ್ಯಾಲಿಫೋರ್ನಿಯಾ ಹೋರಾಡಿ ಪಡೆದದ್ದು ನಮಗೆ ಬಿಟ್ಟಿ ಸಿಕ್ಕಿತ್ತು. ಅದರ ಮುಂದೊಂದು ಹಿಂದೊಂದು ಟ್ಯೂಷನ್ ಕಟ್ಟಿ ನಾವೇ ಕಳಕೊಂಡ್ವಿ. ಎಸ್ಸೆಸ್ಸೆಲ್ಸಿ ಹತ್ತಿರ ಬಂದ್ರೆ ಮಾಸ್ತರು ನಸುಕಿನಲ್ಲಿ ಫೋನ್ ಮಾಡಿ ಎಬ್ಬಿಸ್ತಾರೆ, ಪಾಪ ಅವರ ಕಳಕಳಿ ನಿಜದ್ದೇ. ಹೊಲ ಇದ್ದವರ ಮನೆಯಲ್ಲಿ ತ್ರೀ ಫೇಸ್ ಕರೆಂಟ್ ರಾತ್ರಿ ಬಂದ್ರೆ ಪಂಪ್‌ಸೆಟ್ ಚಾಲು ಮಾಡೋಕೆ ಹೋಗೋನೂ ಅದೇ ಹುಡುಗ. ಇನ್ನೊಂದು ನೋಡಿ: ಏಪ್ರಿಲ್-ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬಿಸಿಲಿನ ಸಲುವಾಗಿ ಬೆಳಗ್ಗೆ ಎಂಟರಿಂದ ಒಂದೂವರೆ ತನಕ ನಡೀತಾವೆ. ದೊಡ್ಡವರ ದೇಹಕ್ಕೆ ಗಡಿಯಾರ ಬಗ್ಗತದ ಅಂತ ಇದರರ್ಥ.

ಈಗ ಆ ತಾಯಿಯ ಪ್ರಶ್ನೆ: ಚಿಂತಿ ಯಾವಾಗ ಮಾಡಬೇಕು? ತಡವಾಗಿ ಮಲಗಿ, ರಜೆ ದಿನ ಹತ್ತಕ್ಕೆ ಎದ್ದು, ಎದ್ದಮೇಲೆ ಉಂಡು ಆಡಿಕೊಂಡಿದ್ರೆ ಅದು ವಯಸ್ಸು. ಒಂಬತ್ತು ತಾಸು ಮಲಗಿಯೂ ವಾರಗಟ್ಟಲೆ ಕ್ಲಾಸಿನಲ್ಲಿ, ಊಟದ ತಾಟಿನ ಮುಂದೆ ನಿದ್ದೆಗೆ ಬಿದ್ರೆ ಅದು ವಯಸ್ಸಲ್ಲ. ಜೋರು ಗೊರಕೆ, ನಡುವೆ ಉಸಿರು ನಿಂತು ಮತ್ತೆ ಗಕ್ಕನೆ ಎಳಕೊಳ್ಳೋದು ಇದ್ರೆ ತೋರಿಸಲೇಬೇಕು. ನಗುವಾಗ ಮೊಣಕಾಲು ಸಡಿಲಾಗಿ ಕುಸಿದ್ರೂ ಅಷ್ಟೇ. ಹೆಣ್ಣುಮಕ್ಕಳು ಸದಾ ಸುಸ್ತು ಅಂದ್ರೆ ಸೋಮಾರಿ ಅನ್ನೋ ಮೊದಲು ರಕ್ತ ಪರೀಕ್ಷೆ ಮಾಡಿಸಿ; ಐದನೇ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ಶೇ. 59 ಮಂದಿಗೆ ರಕ್ತಹೀನತೆ ಅದ. ರಾತ್ರಿ ಕಾಲು ಜುಮುಜುಮು ಅಂತ ಮಲಗೋಕೆ ಬಿಡದಿದ್ರೆ ಅದರ ಹಿಂದೂ ಕಬ್ಬಿಣದ ಕೊರತೆ ಇರಬಹುದು.

ಇನ್ನೊಂದು, ಎಲ್ಲಕ್ಕಿಂತ ಮುಖ್ಯದ್ದು. ನಿದ್ದೆ ಕೆಟ್ಟು ಎರಡು ವಾರ ದಾಟಿ, ಜೊತೆಗೆ ಊಟ ಬೇಡ, ಗೆಳೆಯರು ಬೇಡ, ಕ್ರಿಕೆಟ್ಟೂ ಬೇಡ, "ನಾ ಇದ್ದೇನು ಮಾಡೋದು" ಅನ್ನೋ ಮಾತು ಬಂದ್ರೆ ಆ ದಿನವೇ ಕೂತು ಮಾತಾಡಿ. 14416 ಟೆಲಿ-ಮಾನಸ್ ನಂಬರಿಗೆ ಯಾವ ಹೊತ್ತಿಗಾದ್ರೂ ಪುಕ್ಕಟೆ ಫೋನ್ ಮಾಡಬಹುದು, ಕನ್ನಡದಲ್ಲೇ. ಸರ್ಕಾರಿ ಆಸ್ಪತ್ರೆಗಳಲ್ಲಿ ಹರೆಯದವರಿಗಂತಲೇ ಸ್ನೇಹ ಕ್ಲಿನಿಕ್ ಇರ್ತಾವೆ. ಮೆಡಿಕಲ್ ಸ್ಟೋರಿನಿಂದ ನಿದ್ದೆ ಗುಳಿಗೆ ಮಾತ್ರ ತಂದು ಕೊಡಬೇಡಿ.

ನಮ್ಮ ಚಿಕ್ಕಪ್ಪನ ಮಗನ ಕೈ ಕೂಡ್ಕೊಂಡದ. ಮನೆಯಲ್ಲಿ ಮೂರು ದಿನ ವಾದ ನಡೆದು ಟ್ಯೂಷನ್ ಸಂಜೆ ಬ್ಯಾಚಿಗೆ ಬದಲಾಯ್ತು. ಚಿಕ್ಕಪ್ಪ ಈಗಲೂ ನನ್ನ ಮೇಲೆ ಸ್ವಲ್ಪ ಸಿಟ್ಟಿನಲ್ಲೇ ಇದ್ದಾರೆ.

ಹುಮನಾಬಾದಿನ ಆ ತಾಯಿಗೆ ನಾನು ವಾಪಸ್ ಫೋನ್ ಮಾಡಿದ್ದೆ. "ಅಕ್ಕಾ, ಐತವಾರ ಎಷ್ಟೊತ್ತಿಗೆ ಏಳ್ತಾನ್ರಿ?" ಅಂದೆ. "ಹನ್ನೊಂದಕ್ಕ. ಎದ್ದಮ್ಯಾಲ ಛಲೋನೇ ಇರ್ತಾನ," ಅಂದ್ರು. "ಗೊರಕೆ ಹೊಡೀತಾನೇನ್ರಿ?" ಅಂದಾಗ ನಕ್ಕರು. "ಹೊಡೀತಾನ ತಮ್ಮಾ, ಅವರಪ್ಪನಂಗೇ." ಉಸಿರು ನಡುನಡುವೆ ನಿಲ್ತದೇನು ಅಂತ ಕೇಳಿದೆ. ಅವರು ನಗು ನಿಲ್ಲಿಸಿ, "ಇವತ್ತು ರಾತ್ರಿ ಎದ್ದು ಕೂತು ಇಬ್ಬರದೂ ನೋಡ್ತೀನಿ," ಅಂದ್ರು.