ಶನಿವಾರದ ಕುದುರೆ ಸವಾರಿ

ಮಗನೋ ಮಗಳೋ ಕ್ಯಾಲಿಫೋರ್ನಿಯಾದಲ್ಲಿದ್ದರೆ ಅಪ್ಪ ಅಮ್ಮ ಒಂದ್ಸಲ ಅಲ್ಲಿಗೆ ಹೋಗಿಬರೋದು, ಹೋದವರನ್ನು ಮಕ್ಕಳು ಯೊಸೆಮಿಟಿಗೆ ಕರೆದುಕೊಂಡು ಹೋಗೋದು ಈಗ ನಮ್ಮ ಬೀದಿಯಲ್ಲೂ ಮಾಮೂಲು. ವಾಟ್ಸ್ಯಾಪಿನಲ್ಲಿ ಫೋಟೋ ಬರುತ್ತೆ. ಹಿಂದೆ ದೊಡ್ಡ ಬಂಡೆ, ಕೆಳಗೆ ಪಾತಾಳದಂಥ ಕಣಿವೆ, ಮುಂದೆ ಕಂಬಿ ಹಿಡಿದು ನಿಂತ ನಮ್ಮ ಪರಿಚಯದ ಅಂಕಲ್ಲು, ತಲೆಗೆ ಮಂಕಿ ಟೋಪಿ. ಆ ಜಾಗದ ಹೆಸರು ಗ್ಲೇಸಿಯರ್ ಪಾಯಿಂಟ್.

ಅದೇ ಜಾಗದಲ್ಲಿ 1903ರ ಮೇ 17ರಂದು ತೆಗೆದ ಇನ್ನೊಂದು ಫೋಟೋ ಇದೆ. ಅದರಲ್ಲಿ ಇಬ್ಬರೇ. ಒಬ್ಬ ಅಮೆರಿಕದ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್, ಕುತ್ತಿಗೆಗೆ ವಸ್ತ್ರ ಕಟ್ಟಿಕೊಂಡು ಎದೆ ಉಬ್ಬಿಸಿ ನಿಂತಿದ್ದಾನೆ. ಪಕ್ಕದಲ್ಲಿ ಉದ್ದ ಗಡ್ಡದ ಸಣಕಲು ಮುದುಕ ಜಾನ್ ಮ್ಯೂರ್. ಕಾಡು ಉಳಿಸುವ ಮಾತು ಬಂದಾಗಲೆಲ್ಲ ಜಗತ್ತಿನ ತುಂಬ ಅಚ್ಚಾಗುವ ಚಿತ್ರ ಇದು. ಆದರೆ ನನಗೆ ಕುತೂಹಲ ಇರೋದು ಫೋಟೋದ ಹಿಂದಿನ ದಿನದ ಬಗ್ಗೆ. ಮೇ 16, ಶನಿವಾರ. ಅವತ್ತು ಇಡೀ ದಿನ ಈ ಇಬ್ಬರೂ ಕೊಡಲಿ ಕಾಣದ ಕಾಡಿನೊಳಗೆ ಕುದುರೆ ಮೇಲೆ ಹೋಗಿದ್ದರು.

ಮೊದಲು ಇವರಿಬ್ಬರೂ ಹೇಗೆ ಜೊತೆಯಾದರು ಅನ್ನೋದನ್ನ ಹೇಳ್ತೀನಿ. ರೂಸ್‌ವೆಲ್ಟ್‌ಗೆ ಆಗ 44 ವರ್ಷ. ಬೇಟೆ, ಕುದುರೆ, ಹಕ್ಕಿ ಮೂರರ ಹುಚ್ಚೂ ಇದ್ದ ಮನುಷ್ಯ. ಪಶ್ಚಿಮದ ರಾಜ್ಯಗಳ ಪ್ರವಾಸ ಹೊರಟಾಗ ಮ್ಯೂರ್‌ಗೆ ತಾನೇ ಕಾಗದ ಬರೆದ. ನಾಲ್ಕು ದಿನ ರಾಜಕೀಯ ಬಿಟ್ಟು ನಿನ್ನ ಜೊತೆ ಬಯಲಲ್ಲಿರಬೇಕು, ಬೇರೆ ಯಾರೂ ಬೇಡ ಅಂತ. ಮ್ಯೂರ್‌ಗೆ 65. ಸ್ಕಾಟ್ಲೆಂಡಿನಲ್ಲಿ ಹುಟ್ಟಿ, 1869ರಲ್ಲಿ ಕುರಿ ಕಾಯುವವರ ಜೊತೆ ಈ ಬೆಟ್ಟ ಹತ್ತಿ, ಆಮೇಲೆ ಅದೇ ಕುರಿಗಳನ್ನು ಮಿಡತೆ ಹಿಂಡಿಗೆ ಹೋಲಿಸಿ ಬೈದವನು. ಅವನು ಪ್ರಪಂಚ ಪ್ರವಾಸಕ್ಕೆ ಸಿದ್ಧನಾಗಿದ್ದ, ಈ ಕಾಗದಕ್ಕಾಗಿ ಅದನ್ನೇ ಮುಂದೂಡಿದ. (ಆಮೇಲೆ ಹೊರಟ ಆ ಪ್ರವಾಸದಲ್ಲಿ ನಮ್ಮ ದೇಶಕ್ಕೂ ಬಂದ, ಶಿಮ್ಲಾ ಕಡೆಯ ದೇವದಾರು ನೋಡಿಕೊಂಡು ಹೋದ.)

ಪ್ರವಾಸ ಮುಂದೂಡೋದಕ್ಕೆ ಕಾರಣವೂ ಇತ್ತು. 1864ರಲ್ಲಿ ಲಿಂಕನ್ ಸಹಿ ಹಾಕಿದ ಕಾನೂನಿನ ಪ್ರಕಾರ ಯೊಸೆಮಿಟಿ ಕಣಿವೆ ಮತ್ತು ಮಾರಿಪೋಸಾದ ಸಿಕ್ವೊಯಾ ತೋಪು ಕ್ಯಾಲಿಫೋರ್ನಿಯಾ ರಾಜ್ಯದ ಕೈಯಲ್ಲಿದ್ದವು. 1890ರಲ್ಲಿ ಸುತ್ತಲಿನ ಕಾಡು ರಾಷ್ಟ್ರೀಯ ಉದ್ಯಾನವಾಗಿ ಕೇಂದ್ರದ ಕೈಗೆ ಹೋಯಿತು. ಮನೆ ಒಬ್ಬರದ್ದು, ಕಾಂಪೌಂಡು ಇನ್ನೊಬ್ಬರದ್ದು ಅನ್ನೋ ಸ್ಥಿತಿ. ಕಣಿವೆಯನ್ನು ರಾಜ್ಯ ಹಾಳುಮಾಡುತ್ತಿದೆ, ಎಲ್ಲವನ್ನೂ ಕೇಂದ್ರವೇ ತಗೋಬೇಕು ಅನ್ನೋದು ಮ್ಯೂರ್‌ನ ಹಠ. ಅದನ್ನು ಅಧ್ಯಕ್ಷನ ಕಿವಿಗೇ ಹಾಕೋ ಅವಕಾಶ ಯಾರಿಗೆ ಸಿಗುತ್ತೆ?

ಶುಕ್ರವಾರ ಮೇ 15ರಂದು ರೇಮಂಡ್ ಎಂಬಲ್ಲಿಗೆ ರೈಲು, ಅಲ್ಲಿಂದ ಕುದುರೆ ಗಾಡಿಯಲ್ಲಿ ಮಾರಿಪೋಸಾ ತೋಪು. ರಾಜ್ಯದ ಗವರ್ನರ್ ಪಾರ್ಡಿ, ವಿಶ್ವವಿದ್ಯಾಲಯಗಳ ಅಧ್ಯಕ್ಷರು, ಎಲ್ಲರೂ ಮರದ ಬುಡದಲ್ಲಿ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡರು. ಆಮೇಲೆ ರೂಸ್‌ವೆಲ್ಟ್ ಅವರನ್ನೆಲ್ಲ ವವೋನಾದ ಹೋಟೆಲಿಗೆ ಸಾಗಹಾಕಿದ. ಉಳಿದವರು ಅವನು, ಮ್ಯೂರ್, ಚಾರ್ಲ್ಸ್ ಲೈಡಿಗ್ ಮತ್ತು ಆರ್ಚಿ ಲೆನರ್ಡ್ ಎಂಬ ಇಬ್ಬರು ರೇಂಜರ್‌ಗಳು, ಸಾಮಾನು ಹೊರುವ ಪ್ರಾಣಿಗಳನ್ನು ನೋಡಿಕೊಳ್ಳುವ ಒಬ್ಬ ಆಳು, ಅಷ್ಟೇ. ಅವತ್ತು ರಾತ್ರಿ ಡೇರೆ ಹಾಕಲಿಲ್ಲ. ಕಂಬಳಿ ಮೇಲೆ ಕಂಬಳಿ ಪೇರಿಸಿ ದೊಡ್ಡ ಮರಗಳ ಕೆಳಗೇ ಮಲಗಿದರು. ಮರದಲ್ಲಿ ಹಕ್ಕಿ ಹಾಡುತ್ತಿತ್ತು, ಮ್ಯೂರ್‌ಗೆ ಅದರ ಕಡೆ ಗಮನವೇ ಇಲ್ಲ, ಅವನಿಗೆ ಬರೀ ಮರ, ಬಂಡೆ ಅಂತ ರೂಸ್‌ವೆಲ್ಟ್ ಆಮೇಲೆ ಆತ್ಮಕಥೆಯಲ್ಲಿ ಸ್ವಲ್ಪ ಬೇಜಾರಿನಿಂದಲೇ ಬರೆದುಕೊಂಡಿದ್ದಾನೆ.

ಶನಿವಾರ ಬೆಳಗ್ಗೆ ಆರೂವರೆಗೆಲ್ಲ ಕುದುರೆ ಏರಿದರು. ಮುಂದೆ ಲೈಡಿಗ್. ಅವತ್ತಿನ ವಿವರಗಳು ನಮಗೆ ಹೆಚ್ಚಾಗಿ ಸಿಗೋದು ಅವನು ಆಮೇಲೆ ಹೇಳಿದ ನೆನಪುಗಳಿಂದಲೇ. ಅಧ್ಯಕ್ಷನ ಅಪ್ಪಣೆ ಒಂದೇ: ವವೋನಾ ಕಡೆ ಹೋಗಬೇಡ, ಜನ ಇರೋ ಕಡೆ ಸುಳಿಯಬೇಡ. ಅಲ್ಲಿ ಹೋಟೆಲಿನಲ್ಲಿ ದೊಡ್ಡ ಮನುಷ್ಯರೆಲ್ಲ ಕಾಯುತ್ತಿದ್ದರು! ಹಾಗಾಗಿ ಲೈಟ್ನಿಂಗ್ ಟ್ರೇಲ್ ಅನ್ನೋ ಕಾಲುದಾರಿ ಹಿಡಿದು ಇಳಿದು, ಮರ್ಸಿಡ್ ನದಿಯ ದಕ್ಷಿಣದ ಕವಲು ದಾಟಿ, ಎಂಪೈರ್ ಮೆಡೋಸ್ ಅನ್ನೋ ಹುಲ್ಲುಗಾವಲಿನ ದಿಕ್ಕಿಗೆ ಮತ್ತೆ ಏರಿದರು.

ಈ ಏರು ಹತ್ತುವಾಗ ಕಾಡು ಮೆಟ್ಟಿಲು ಮೆಟ್ಟಿಲಾಗಿ ಬದಲಾಗುತ್ತೆ. ಕೆಳಗೆ ಪೈನ್ ಮರಗಳು. ಅದರಲ್ಲಿ ಶುಗರ್ ಪೈನ್ ಅನ್ನೋದರ ಕಾಯಿ ಒಂದೂವರೆ ಅಡಿ ಉದ್ದ ಬೆಳೆಯುತ್ತೆ. ಇನ್ನೂ ಮೇಲೆ ಹೋದರೆ ಕೆಂಪು ತೊಗಟೆಯ ಫರ್ ಮರಗಳು, ನೆರಳು, ಹಿಮ. ಮೇ ತಿಂಗಳಾದರೂ ಹಿಮ ಕರಗಿರಲಿಲ್ಲ. ಎಂಪೈರ್ ಮೆಡೋಸ್‌ನ ಪಕ್ಕದ ದಿಣ್ಣೆಯ ಮೇಲೆ ತಣ್ಣನೆ ಬುತ್ತಿ ಉಂಡು ಮುಂದೆ ಹೊರಟರೆ ಕುದುರೆಗಳು ಹೂತುಕೊಳ್ಳೋಕೆ ಶುರು. ಕೆಲವು ಕಡೆ ಐದಡಿ ಹಿಮ ಇತ್ತಂತೆ. ಒಬ್ಬರಾದ ಮೇಲೆ ಒಬ್ಬರು ಸರದಿ ಮೇಲೆ ಮುಂದೆ ಹೋಗಿ ದಾರಿ ಬಿಡಿಸಬೇಕು. ಒಂದು ಕಡೆ ಅಧ್ಯಕ್ಷನೇ ಸಿಕ್ಕಿಕೊಂಡ, ಮರದ ದಿಮ್ಮಿ ತಂದು ಎಬ್ಬಿಸಬೇಕಾಯಿತು ಅಂತ ಲೈಡಿಗ್ ಹೇಳಿದ್ದಾನೆ. ಸಂಜೆ ಹೊತ್ತಿಗೆ ಗ್ಲೇಸಿಯರ್ ಪಾಯಿಂಟಿನ ಹತ್ತಿರ ಬೀಡು ಬಿಟ್ಟರು. ಬೆಂಕಿ ಸುತ್ತ ಕೂತು ಮಾತು. ಅದರಲ್ಲಿ ಒಂದೇ ತೊಂದರೆ, ಇಬ್ಬರಿಗೂ ಮಾತಾಡೋದು ಇಷ್ಟ, ಕೇಳಿಸಿಕೊಳ್ಳೋದು ಅಷ್ಟಕ್ಕಷ್ಟೇ! ರಾತ್ರಿ ಹೊಸ ಹಿಮ ಬಿತ್ತು. ಬೆಳಗ್ಗೆ ಕಂಬಳಿ ಮೇಲೆ ಬೆರಳುದ್ದ ಹಿಮ. ರೂಸ್‌ವೆಲ್ಟ್ ಮಗುವಿನ ಹಾಗೆ ಖುಷಿಪಟ್ಟ. ಆಮೇಲೆ ತೆಗೆದದ್ದೇ ಆ ಫೋಟೋ.

ಆ ಸವಾರಿಯ ಫಲವೂ ಸಣ್ಣದಲ್ಲ. 1905ರಲ್ಲಿ ಕ್ಯಾಲಿಫೋರ್ನಿಯಾ ಕಣಿವೆಯನ್ನೂ ತೋಪನ್ನೂ ಬಿಟ್ಟುಕೊಟ್ಟಿತು, 1906ರ ಜೂನ್‌ನಲ್ಲಿ ರೂಸ್‌ವೆಲ್ಟ್ ಅವುಗಳನ್ನು ರಾಷ್ಟ್ರೀಯ ಉದ್ಯಾನಕ್ಕೆ ಸೇರಿಸಿಕೊಳ್ಳುವ ನಿರ್ಣಯಕ್ಕೆ ಸಹಿ ಹಾಕಿದ. ಅವನ ಅಧಿಕಾರದ ಅವಧಿಯಲ್ಲಿ ಒಟ್ಟು ಸುಮಾರು 23 ಕೋಟಿ ಎಕರೆ ಜಾಗಕ್ಕೆ ರಕ್ಷಣೆ ಸಿಕ್ಕಿತು. ಒಬ್ಬ ಅಧ್ಯಕ್ಷ ಒಂದು ದಿನ ಹೋಟೆಲು ತಪ್ಪಿಸಿ ಕಾಡು ಸುತ್ತಿದ್ದಕ್ಕೆ ಇಷ್ಟು ಸಿಕ್ಕರೆ ಲಾಭವೇ ಬಿಡಿ.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಬರೆಯೋ ಅಗತ್ಯ ಇರಲಿಲ್ಲ. ಎಷ್ಟೋ ಜನ ಬರೆದಿದ್ದಾರೆ. ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆ. ಆ ತೋಪನ್ನು ರೂಸ್‌ವೆಲ್ಟ್ ದೇವಾಲಯಕ್ಕೆ ಹೋಲಿಸಿದ, ಮನುಷ್ಯರ ಕೈ ಕಟ್ಟದ ದೇವಾಲಯ ಅಂತ. ಹೌದಾ? ಮನುಷ್ಯರ ಕೈಯೇ ತಾಗಿರಲಿಲ್ಲವಾ ಆ ಕಾಡಿಗೆ?

ಐವತ್ತೆರಡು ವರ್ಷ ಹಿಂದಕ್ಕೆ ಹೋಗೋಣ. ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿ ಜನ ಮುತ್ತಿಗೆ ಹಾಕಿದ್ದ ಕಾಲ. 1851ರ ಮಾರ್ಚ್‌ನಲ್ಲಿ ಮಾರಿಪೋಸಾ ಬೆಟಾಲಿಯನ್ ಎಂಬ ಪಡೆ ಮೇಜರ್ ಸ್ಯಾವೇಜ್‌ನ ಕೈಕೆಳಗೆ, ಕುದುರೆ ಮೇಲೆಯೇ, ಇದೇ ಕಾಡು ದಾಟಿ ಕಣಿವೆಗೆ ಇಳಿಯಿತು. ಕಣಿವೆಯಲ್ಲಿ ಅಹ್ವಾನೀಚಿ ಜನ ಇದ್ದರು. ಅವರ ಮುಖ್ಯ ಆಹಾರ ಓಕ್ ಮರದ ಕಾಯಿ. ಕುಟ್ಟಿ, ನೀರಲ್ಲಿ ಕಹಿ ತೆಗೆದು ಅಂಬಲಿ ಮಾಡುತ್ತಿದ್ದರು. ಪಡೆಯವರು ಗುಡಿಸಲಿಗೂ ಕೂಡಿಟ್ಟ ಕಾಯಿಗೂ ಬೆಂಕಿ ಇಟ್ಟರು. ಹೊಟ್ಟೆಗಿಲ್ಲದಿದ್ದರೆ ತಾವೇ ಇಳಿದು ಬರುತ್ತಾರೆ ಅನ್ನೋ ಲೆಕ್ಕ. ಮುಖ್ಯಸ್ಥ ತೆನಾಯ ಸೆರೆಸಿಕ್ಕ, ಅವನ ಕಿರಿಯ ಮಗನನ್ನು ಗುಂಡಿಟ್ಟು ಕೊಂದರು.

ಆ ಪಡೆಯ ವೈದ್ಯ ಬನಲ್ ಇದೆಲ್ಲವನ್ನೂ ಬರೆದಿಟ್ಟಿದ್ದಾನೆ. ಮೇಲಿನ ಒಂದು ಸುಂದರ ಸರೋವರಕ್ಕೆ ಮುದುಕನ ಹೆಸರನ್ನೇ ಇಡೋಣ ಅಂತ ಅವನಿಗೆ ಅನ್ನಿಸಿತು. ತೆನಾಯನನ್ನು ಕರೆದು ಖುಷಿಯಿಂದ ಹೇಳಿದ. ಮುದುಕ ಹೇಳಿದ್ದು, ಅದಕ್ಕೆ ಆಗಲೇ ಹೆಸರಿದೆಯಲ್ಲ, ಪೈವಿಯಾಕ್ ಅಂತ. ಈಗಲೂ ನಕ್ಷೆಯಲ್ಲಿ ಅದು ತೆನಾಯ ಸರೋವರ.

ಹೆಸರಿನ ಮಾತು ಪಕ್ಕಕ್ಕಿಡಿ. ಆ ಜನ ಕಾಡಿಗೆ ಮಾಡುತ್ತಿದ್ದ ಒಂದು ಕೆಲಸ ಅವರ ಜೊತೆಗೇ ಹೋಯಿತು. ಅದು ಬೆಂಕಿ. ವರ್ಷದ ಸರಿಯಾದ ಹೊತ್ತಿನಲ್ಲಿ ಒಣ ತರಗಿಗೆ, ಪೊದೆಗೆ ಸಣ್ಣ ಬೆಂಕಿ ಹಚ್ಚುತ್ತಿದ್ದರು. ಓಕ್ ಮರಕ್ಕೆ ಬೆಳಕು ಸಿಗುತ್ತಿತ್ತು, ಕಾಯಿ ಆರಿಸೋದು ಸುಲಭವಾಗುತ್ತಿತ್ತು, ಜಿಂಕೆಗೆ ಎಳೆ ಹುಲ್ಲು ಬರುತ್ತಿತ್ತು. ಸಿಡಿಲಿನಿಂದ ಹೊತ್ತುವ ಬೆಂಕಿ ಹೇಗೂ ಇತ್ತು. ಮಾರಿಪೋಸಾ ತೋಪಿನ ಮೊದಲ ಕಾವಲುಗಾರ ಗ್ಯಾಲೆನ್ ಕ್ಲಾರ್ಕ್ 1855ರಲ್ಲೇ ಕಣಿವೆ ನೋಡಿದ್ದವನು. ತಾನು ಬಂದಾಗ ಇದ್ದ ಬಯಲು ಈಗಿನದಕ್ಕಿಂತ ನಾಲ್ಕು ಪಟ್ಟು ದೊಡ್ಡದಿತ್ತು, ಇಂಡಿಯನ್ನರ ಬೆಂಕಿ ನಿಂತ ಮೇಲೆ ಗಿಡಗಂಟಿ ಮುಚ್ಚಿಕೊಂಡಿತು ಅಂತ ಮುಪ್ಪಿನಲ್ಲಿ ಬರೆದ. ಅಂದರೆ 1903ರಲ್ಲಿ ಇವರಿಬ್ಬರೂ ಸವಾರಿ ಮಾಡಿದ್ದು ಮನುಷ್ಯರನ್ನು ಕಾಣದ ಕಾಡಿನಲ್ಲಲ್ಲ, ಮನುಷ್ಯರನ್ನು ಕಳೆದುಕೊಂಡ ಕಾಡಿನಲ್ಲಿ.

ಆಗ ಉದ್ಯಾನವನ್ನು ಕಾಯುತ್ತಿದ್ದವರು ಸೈನ್ಯದ ಕುದುರೆ ಸವಾರರು. 1891ರಿಂದ 1913ರವರೆಗೆ ಬೇಸಿಗೆ ಬಂತೆಂದರೆ ಅವರೇ ಅಲ್ಲಿಯ ಅರಣ್ಯ ಸಿಬ್ಬಂದಿ. ಕುರಿ ಓಡಿಸಿದರು, ಬೇಟೆ ತಡೆದರು, ಕಂಡ ಕಂಡ ಬೆಂಕಿ ಆರಿಸಿದರು. ಅದು ಪ್ರಾಮಾಣಿಕವಾದ ಕಾವಲೇ. ಆದರೆ ಯಾರಿಗೂ ತಿಳಿಯದ ಒಂದು ವಿಷಯ ಇತ್ತು. ಸಿಕ್ವೊಯಾ ಮರಕ್ಕೆ ಮರಿ ಹುಟ್ಟೋಕೆ ಬೆಂಕಿ ಬೇಕು. ಅದರ ಕಾಯಿ ಕೋಳಿಮೊಟ್ಟೆ ಗಾತ್ರದ್ದು, ಹಸಿರಾಗಿ ಮುಚ್ಚಿಕೊಂಡು 20 ವರ್ಷದವರೆಗೂ ಮರದಲ್ಲೇ ಇರಬಲ್ಲದು. ಕೆಳಗೆ ಬೆಂಕಿ ಹಾದುಹೋದರೆ ಬಿಸಿಗೆ ಒಣಗಿ ಬಾಯಿ ಬಿಟ್ಟು ಬೀಜ ಉದುರಿಸುತ್ತೆ. ಬೀಜ ಎಷ್ಟು ಹಗುರ ಅಂದ್ರೆ ಒಂದು ಕಿಲೋಗೆ ಸುಮಾರು 2 ಲಕ್ಷ. ದಪ್ಪ ತರಗಿನ ಮೇಲೆ ಬಿದ್ದರೆ ಬೇರು ಮಣ್ಣು ಮುಟ್ಟುವ ಮೊದಲೇ ಒಣಗುತ್ತೆ. ತರಗು ಸುಟ್ಟು ಮಣ್ಣು ಬರಿದಾದ ಕಡೆ ಬಿದ್ದರೆ ಬದುಕುತ್ತೆ. ಎರಡಡಿ ದಪ್ಪದ ತೊಗಟೆ ಇರೋ ತಾಯಿ ಮರಕ್ಕೆ ಸಣ್ಣ ಬೆಂಕಿ ಲೆಕ್ಕಕ್ಕೇ ಇಲ್ಲ.

ಇದು ಗೊತ್ತಾಗಿದ್ದು 1960ರ ದಶಕದಲ್ಲಿ, ರಿಚರ್ಡ್ ಹಾರ್ಟ್ಸ್‌ವೆಲ್ಟ್ ಮತ್ತು ಅವರ ಜೊತೆಗಾರರು ತೋಪುಗಳಲ್ಲಿ ಕೂತು ಅಧ್ಯಯನ ಮಾಡಿದ ಮೇಲೆ. ಅಷ್ಟರಲ್ಲಿ ದೊಡ್ಡ ಮರಗಳ ಸುತ್ತ ಬಿಳಿ ಫರ್ ಮರಗಳು ಒತ್ತೊತ್ತಾಗಿ ಬೆಳೆದು, ನೆಲದಿಂದ ಕೊಂಬೆಯವರೆಗೆ ಬೆಂಕಿಗೆ ಏಣಿ ಹಾಕಿದಂತಾಗಿತ್ತು. 1970ರ ದಶಕದಿಂದ ಉದ್ಯಾನದವರೇ ಮಾರಿಪೋಸಾದಲ್ಲಿ ಅಳತೆಯ ಬೆಂಕಿ ಹಚ್ಚತೊಡಗಿದರು. ಎಲ್ಲ ತೋಪುಗಳಿಗೂ ಆ ಭಾಗ್ಯ ಬರಲಿಲ್ಲ. ಬರಗಾಲ, ಬಿಸಿ, ಕೂಡಿಬಿದ್ದ ಸೌದೆ ಮೂರೂ ಸೇರಿ 2020 ಮತ್ತು 2021ರ ಬೆಂಕಿಗಳಲ್ಲಿ ಜಗತ್ತಿನ ದೊಡ್ಡ ಸಿಕ್ವೊಯಾಗಳಲ್ಲಿ ನೂರಕ್ಕೆ 13ರಿಂದ 19ರಷ್ಟು ಸತ್ತವು ಅನ್ನೋದು ಅಲ್ಲಿನ ಇಲಾಖೆಯ ಅಂದಾಜು. 2022ರ ಜುಲೈನಲ್ಲಿ ಮಾರಿಪೋಸಾಕ್ಕೂ ಬೆಂಕಿ ಬಂತು. ಸುಮಾರು 3,000 ವರ್ಷದ ಗ್ರಿಜ್ಲಿ ಜೈಂಟ್ ಮರದ ಸುತ್ತ ನೀರಿನ ಸ್ಪ್ರಿಂಕ್ಲರ್ ಇಟ್ಟು ಕಾದರು. ತೋಪು ಉಳಿಯಿತು. ದಶಕಗಳಿಂದ ಹಚ್ಚಿದ ಸಣ್ಣ ಬೆಂಕಿಗಳೇ ಈ ದೊಡ್ಡ ಬೆಂಕಿಯ ಹಲ್ಲು ಕಿತ್ತವು ಅಂತ ಅಲ್ಲಿಯವರು ಹೇಳಿದರು.

ನಮ್ಮಲ್ಲೂ ಇದೇ ಮಾತು ಬೇರೆ ಬಾಯಲ್ಲಿ ಕೇಳಿಬಂದಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಇದಕ್ಕೆ ತರಗು ಬೆಂಕಿ ಅಂತಾರೆ. 1974ರಲ್ಲಿ ಅಲ್ಲಿ ವನ್ಯಧಾಮವಾದ ಮೇಲೆ ಅದು ನಿಂತಿತು. ಬೆಂಕಿ ನಿಂತ ಮೇಲೇ ಲಂಟಾನ ಈ ಪರಿ ಹಬ್ಬಿದ್ದು ಅನ್ನೋದು ಸೋಲಿಗ ಹಿರಿಯರ ಮಾತು. ಅದನ್ನು ಸಂಶೋಧಕರು ಕಿವಿಗೊಟ್ಟು ಕೇಳಿದ್ದು ತೀರ ಇತ್ತೀಚೆಗೆ.

ಹಾಗಂತ ಮ್ಯೂರ್ ಮತ್ತು ರೂಸ್‌ವೆಲ್ಟ್ ಮಾಡಿದ್ದು ದಂಡ ಅಂತ ನಾನು ಹೇಳಲ್ಲ. ಇವರು ಹೋಗದಿದ್ದರೆ ಗರಗಸ ಹೋಗುತ್ತಿತ್ತು. ಸುಡೋದಕ್ಕೆ ಕೂಡ ಮರ ಉಳಿಯುತ್ತಿರಲಿಲ್ಲ. ಮ್ಯೂರ್ ಅಲ್ಲಿನ ಮೂಲನಿವಾಸಿಗಳ ಬಗ್ಗೆ ಹಗುರವಾಗಿ ಬರೆದದ್ದೂ ನಿಜ. ಅವನೇ ಮುಂದೆ ನಿಂತು 1892ರಲ್ಲಿ ಕಟ್ಟಿದ ಸಿಯೆರ್ರಾ ಕ್ಲಬ್ 2020ರಲ್ಲಿ ಅದನ್ನು ಬಹಿರಂಗವಾಗಿ ಒಪ್ಪಿಕೊಂಡಿತು. ಮರದ ಒಂದೊಂದು ಎಲೆ ಬಲ್ಲವನಿಗೆ ಆ ಮರದ ಕೆಳಗೆ ಬಾಳಿದವರನ್ನು ಕೇಳಬೇಕು ಅಂತ ಹೊಳೆಯಲಿಲ್ಲ. ನನಗೆ ನೋವಾಗೋದು ಅದಕ್ಕೆ.

ಕೇಳಬಹುದಾಗಿದ್ದವರು ಇದ್ದರು. ತೆನಾಯನ ಮೊಮ್ಮಗಳು ತೋತುಯಾ 1851ರಲ್ಲಿ ಪುಟ್ಟ ಹುಡುಗಿ, ಕಣಿವೆಯಿಂದ ಹೊರಬಿದ್ದವರಲ್ಲಿ ಒಬ್ಬಳು. ಮತ್ತೆ ಕಣಿವೆಗೆ ಬಂದದ್ದು 1929ರಲ್ಲಿ, ಹಣ್ಣು ಹಣ್ಣು ಮುದುಕಿಯಾಗಿ. ಜಲಪಾತ, ಬಂಡೆಗಳನ್ನು ಹೆಸರಿಟ್ಟು ಗುರುತಿಸಿದಳು. ತಾನು ಓಡಾಡಿದ ಬಯಲು ನೋಡಿ ಮಾತ್ರ ತಲೆಯಾಡಿಸಿದಳು. ಕೊಳಕಾಗಿದೆ, ಬರೀ ಪೊದೆ ಅಂದಳಂತೆ. ಗುಡಿಸದೆ ಬಿಟ್ಟ ಮನೆ ನೋಡಿ ನಮ್ಮ ಅಜ್ಜಿಯರು ಹೇಳೋ ಹಾಗೆ.

ಮುಂದಿನ ಸಲ ನಿಮ್ಮವರು ಯಾರಾದರೂ ಅಲ್ಲಿಗೆ ಹೋದರೆ ಗ್ಲೇಸಿಯರ್ ಪಾಯಿಂಟಿನ ಫೋಟೋ ತೆಗೆಸಿಕೊಳ್ಳಲಿ, ಬೇಡ ಅನ್ನಲ್ಲ. ಮಾರಿಪೋಸಾ ತೋಪಿಗೂ ಒಂದ್ಸಲ ಹೋಗಿಬರಲಿ. ದೊಡ್ಡ ಮರಗಳ ಬುಡದಲ್ಲಿ ಕಪ್ಪಗೆ ಸುಟ್ಟ ಕಲೆಗಳಿರುತ್ತವೆ. ಅಯ್ಯೋ ಪಾಪ, ಯಾರು ಸುಟ್ಟರೋ ಅಂತ ಅಂದುಕೊಳ್ಳೋದು ಬೇಡ. ಆ ಸುಟ್ಟ ಬುಡದ ಸುತ್ತಮುತ್ತ ಬಗ್ಗಿ ಹುಡುಕಿದರೆ, ಅದೃಷ್ಟ ಇದ್ದರೆ, ಗೇಣುದ್ದದ ಸಸಿಯೊಂದು ಕಾಣಿಸಬಹುದು.